ಕಾರಂಜಾ ಹಿನ್ನೀರಿಗೆ ಎಂಥ ಹಾಯಿದೋಣಿ?

ಬೀದರಿನ ಕಾರಂಜಾ ಹಿನ್ನೀರಿನಲ್ಲಿ ಓಡಿಸಲು ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ, ಕೊಳ್ಳಬೇಕೆಂದಿರುವ ಗೆಳೆಯರು ವೇಗದ ಮಾತನ್ನೇ ಆಡುತ್ತಿದ್ದರು. ನನಗೆ ಮಾತ್ರ ಬೇಸಿಗೆಯಲ್ಲಿ ನೀರು ಇಳಿದಾಗ ತಳಕ್ಕೆ ತಾಗುವ ಕಲ್ಲು, ಕೆಸರಿನದೇ ಚಿಂತೆ. ಇಂಥಲ್ಲಿ ತಳಕ್ಕೆ ಹಲಗೆ ಇಳಿಬಿಡುವ ದೋಣಿಗಿಂತ, ಜೋಡಿ ಒಡಲುಗಳ ಆಕಾರದಿಂದಲೇ ಅಡ್ಡಜಾರಿಕೆಯನ್ನು ತಡೆಯುವ, ನೆಲ ತಾಗಿದರೆ ಚುಕ್ಕಾಣಿ ತಾನೇ ಮೇಲೇಳುವ ಹೋಬಿ 16 ಎಂಬ ಕ್ಯಾಟಮರಾನ್ ಮಾದರಿಯಂಥದ್ದೇ ಮೇಲು. ಸುಮಾರು 5 ಮೀಟರ್ ಉದ್ದ, 145 ಕಿಲೋ ತೂಕದ ಅದನ್ನು ನಮ್ಮ ಎರೆಮಣ್ಣಿನ ದಡಕ್ಕೆ ಎಳೆಯಲು ಅಗಲವಾದ ಬಲೂನ್ ಗಾಲಿಗಳೇ ಬೇಕು, ಸಣ್ಣವು ಹೂತುಹೋಗುತ್ತವೆ.

ನಿಜವಾದ ಕಷ್ಟವಿರುವುದು ಗಾಳಿಗೆ ಎದುರಾಗಿ ಹೊರಳಿಸುವಾಗ. ದೋಣಿ ಹಗುರವಾದ್ದರಿಂದ ಚುಕ್ಕಾಣಿಯನ್ನು ಸರಕ್ಕನೆ ತಿರುವಿದರೆ ಅದು ನಡುವೆಯೇ ನಿಂತು ಹಿಂದಕ್ಕೆ ಸರಿಯತೊಡಗುತ್ತದೆ. ಆದ್ದರಿಂದ ಓಟ ಕೆಡದಂತೆ ನಿಧಾನವಾಗಿ ತಿರುವಿ, ದೊಡ್ಡ ಹಾಯಿಯ ಹಗ್ಗವನ್ನು ತುಸು ಸಡಿಲಿಸಿ, ಮುಂದಿನ ಚಿಕ್ಕ ಹಾಯಿಗೆ ಹಿಂಬದಿಯಿಂದ ಗಾಳಿ ತುಂಬಿ ಮೂತಿ ಆಚೆಗೆ ಹೊರಳಿದ ಮೇಲಷ್ಟೇ ಆ ಚಿಕ್ಕ ಹಾಯಿಯನ್ನು ಇನ್ನೊಂದು ಬದಿಗೆ ಬದಲಿಸಬೇಕು. ಕಡಲಿನಂತೆ ಇಲ್ಲಿ ಗಾಳಿ ಒಂದೇ ಸಮನೆ ಬೀಸದು; ಹಗ್ಗ ಸದಾ ಕೈಯಲ್ಲಿರಲಿ, ಕಟ್ಟಿಡಬೇಡಿ. ಹಾಯಿ ಕಟ್ಟುವ ಕೂವೆಮರದ ತುದಿಗೊಂದು ತೇಲುಬುರುಡೆ ಅಗತ್ಯ, ಏಕೆಂದರೆ ಮಗುಚಿದ ದೋಣಿಯ ಕೂವೆ ಕೆಸರಿಗೆ ನಾಟಿಕೊಂಡರೆ ಇಬ್ಬರಿಂದ ಎತ್ತಲಾಗದು. ಅಂದಹಾಗೆ ಆ ಕೂವೆ ಸುಮಾರು 8 ಮೀಟರ್ ಎತ್ತರದ ಲೋಹದ್ದು. ದಡದಲ್ಲಿ ಕರೆಂಟಿನ ತಂತಿ ಹಾದಿದ್ದರೆ ಕೂವೆಯನ್ನು ಎತ್ತಿ ನಿಲ್ಲಿಸುವ ಮೊದಲೇ ಜಾಗ ಬದಲಿಸಬೇಕು.