ಸಿಯಾಮ್ ಗಡಿಯಲ್ಲಿ ಎಷ್ಟು ಜನ?

ರಿಸ್ಕ್ ಅನ್ನೋದು ದಾಳ ಹಾಕಿ ಪ್ರದೇಶ ಗೆಲ್ಲುವ ಯುದ್ಧದ ಬೋರ್ಡ್ ಆಟ. ಅದರ ಬೋರ್ಡಿನಲ್ಲಿ 42 ಪ್ರದೇಶಗಳಿವೆ. ಆದರೆ ಅಕ್ಕನ ಮನೆಯಲ್ಲಿ ಜಗಳ ಹತ್ತುವುದು ಯಾವಾಗಲೂ ಸಿಯಾಮ್ ಮತ್ತು ಇಂಡೋನೇಷ್ಯಾ ನಡುವೆಯೇ. ಆಸ್ಟ್ರೇಲಿಯಾ ಖಂಡಕ್ಕೆ ಹೋಗಲು ಇರುವುದು ಅದೊಂದೇ ದಾರಿ. ನಾಲ್ಕೇ ಪ್ರದೇಶ. ಪೂರ್ತಿ ಹಿಡಿದವರಿಗೆ ಪ್ರತಿ ಸುತ್ತಿಗೂ 2 ಸೈನಿಕರು ಜಾಸ್ತಿ ಸಿಗುತ್ತಾರೆ.

ದಸರಾ ರಜೆಯಲ್ಲಿ ಆ ಖಂಡವನ್ನು ಅಕ್ಕನ ಮಗ ಹಿಡಿದು ಕೂತಿದ್ದ. ಸಿಯಾಮ್‌ನಲ್ಲಿ ನನ್ನ 9, ಇಂಡೋನೇಷ್ಯಾದಲ್ಲಿ ಅವನ 5. ಪಕ್ಕದ ಚೀನಾದಲ್ಲಿ ಭಾವ 7 ಜನರನ್ನು ಇಟ್ಟುಕೊಂಡು, ಚಕ್ಕುಲಿ ತಿನ್ನುತ್ತಾ ಸುಮ್ನೆ ಕೂತಿದ್ದರು.

ದಾಳಿ ಮಾಡುವವನಿಗೆ ಮೂರು ದಾಳ, ತಡೆಯುವವನಿಗೆ ಎರಡು. ಸಮ ಬಿದ್ದರೆ ತಡೆಯುವವನೇ ಗೆದ್ದ. ಆದರೂ ಮೂರನೇ ದಾಳದ ಬಲ ದೊಡ್ಡದು. ಎದುರಾಳಿಯ ಇಬ್ಬರೂ ಹೋಗುವ ಸಾಧ್ಯತೆ ಶೇ. 37, ನಮ್ಮ ಇಬ್ಬರು ಹೋಗುವುದು ಶೇ. 29. ಮಿಕ್ಕಂತೆ ತಲಾ ಒಬ್ಬ. ಅಂದರೆ ಜನ ಇರುವ ತನಕ ನುಗ್ಗುವವನದೇ ಮೇಲುಗೈ.

ಮೊದಲ ಸಲ ತಲಾ ಒಬ್ಬ ಹೋದ. ಎರಡನೇ ಸಲ ನನ್ನ ಇಬ್ಬರು ಹೋದರು. ಈಗ 6ಕ್ಕೆ 4. ಲೆಕ್ಕ ಇನ್ನೂ ನನ್ನ ಕಡೆಗೇ ಇತ್ತು. ಆದರೆ ಗೆದ್ದರೂ ಕೈಯಲ್ಲಿ ಎಷ್ಟು ಜನ ಉಳಿಯುತ್ತಾರೆ? ಕೊನೆಗೆ ಎಷ್ಟು ದಾಳ ಹಾಕಿದೆವೋ ಕನಿಷ್ಠ ಅಷ್ಟು ಜನ ಗೆದ್ದ ಜಾಗಕ್ಕೆ ಹೋಗಲೇಬೇಕು. ಆಗ ಸಿಯಾಮ್‌ನಲ್ಲಿ ಒಬ್ಬಿಬ್ಬರು, ಪಕ್ಕದಲ್ಲಿ ಭಾವನ 7. ನಿಲ್ಲಿಸಿದೆ.

"ಇಷ್ಟೇನಾ ಮಾಮ?" ಅಂದ ಹುಡುಗ. ಅವನ ಸರದಿಗೆ ಬಂದ 5 ಜನರನ್ನೂ ಇಂಡೋನೇಷ್ಯಾಕ್ಕೇ ಸುರಿದ. 9 ಆಯಿತು. ನುಗ್ಗಿದ. ದಾಳ ಉರುಳಿದ ಹಾಗೆ ಇಬ್ಬರ ಕಡೆಯೂ ಜನ ಕರಗಿದರು. ಕೊನೆಗೆ ಅವನಲ್ಲಿ 3, ನನ್ನಲ್ಲಿ 2.

ಇಲ್ಲಿ ಆಟವೇ ಬದಲಾಗುತ್ತದೆ. ಒಬ್ಬ ಮನೆ ಕಾಯಬೇಕು, ಹಾಗಾಗಿ 3 ಜನರಿದ್ದರೆ ಹಾಕಬಹುದಾದ ದಾಳ ಎರಡೇ. ಎರಡಕ್ಕೆ ಎರಡು ಆದಾಗ ದಾಳಿ ಮಾಡಿದವನೇ ಇಬ್ಬರನ್ನೂ ಕಳೆದುಕೊಳ್ಳುವ ಸಾಧ್ಯತೆ ಶೇ. 45. ಇಬ್ಬರನ್ನೂ ಹೊಡೆಯುವುದು ಶೇ. 23 ಮಾತ್ರ.

"ಸಾಕು ಬಿಡೋ" ಅಂದೆ. ಎದುರಾಳಿ ಕೊಟ್ಟ ಸಲಹೆಯನ್ನು ಯಾರು ಕೇಳುತ್ತಾರೆ, ಅಲ್ವಾ?

"ಇನ್ನೊಂದೇ ಒಂದು ಸಲ ಮಾಮ."

ಇಬ್ಬರೂ ಹೋದರು. ಇಂಡೋನೇಷ್ಯಾದಲ್ಲಿ ಒಬ್ಬನೇ ಉಳಿದ.

ಭಾವ ಕೈ ಒರೆಸಿಕೊಂಡು ಮೂರು ದಾಳ ತೆಗೆದುಕೊಂಡರು. ಒಂದೇ ಎಸೆತಕ್ಕೆ ಸಿಯಾಮ್‌ನಲ್ಲಿದ್ದ ನನ್ನ ಇಬ್ಬರೂ ಹೋದರು. ಜನರನ್ನು ಅಲ್ಲಿಗೆ ದಾಟಿಸಿ, ಇಂಡೋನೇಷ್ಯಾದ ಒಂಟಿ ಸೈನಿಕನ ಮೇಲೂ ಎಸೆದರು. ಮೂರಕ್ಕೆ ಒಂದು ದಾಳ ಅಂದರೆ ಮೂರರಲ್ಲಿ ಎರಡು ಸಲ ಗೆಲುವು. ಗೆದ್ದರು. ಹುಡುಗನ ಖಂಡ ಒಡೆಯಿತು, 2ರ ಬೋನಸ್ಸೂ ಹೋಯಿತು.

"ಅಪ್ಪಾ, ನೀವು ಆಡ್ತಾನೇ ಇರ್ಲಿಲ್ವಲ್ಲಾ!" ಅಂತ ಕೂಗಿದ.

"ನೀವಿಬ್ರೂ ಆಡ್ತಿದ್ರಲ್ಲ" ಅಂದರು ಭಾವ.