"ಡಯಾಸಿಸ್" ಅಂತ ಟೈಪ್ ಮಾಡುವ ಮೊದಲು ಇಸವಿ ನೋಡಿ

ಮಂಗಳೂರು ಕಡೆ ಹಳೇ ಚರ್ಚ್ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವುದು ನನ್ನ ಕೆಲಸ, ಜ್ಞಾನಸ್ನಾನ, ಮದುವೆ, ಮರಣ ಹೀಗೆ. ಸೇರಿದ ಹೊಸತರಲ್ಲಿ ಶೀಟಿನ "ಆಡಳಿತ" ಕಾಲಮ್ಮಿಗೆ "ಮಂಗಳೂರು ಡಯಾಸಿಸ್" (ಅಂದ್ರೆ ತನ್ನದೇ ಹೆಸರಿನ ಬಿಷಪ್ ಇರುವ ಚರ್ಚ್ ಪ್ರಾಂತ) ಅಂತ ಹಾಕಿ ಕೆಳಗಿನ ತನಕ ಎಳೆದುಬಿಟ್ಟೆ, 1860ರ ಪುಸ್ತಕಕ್ಕೂ ಅದೇ. ಚೆಕ್ ಮಾಡಿದ ಹಿರಿಯ ಫಾದರ್ ಕರೆದು, "ಆಗ ಡಯಾಸಿಸ್ ಎಲ್ಲಿತ್ತು ಮಾರಾಯ?" ಅಂದ್ರು.

ಇರಲೇ ಇಲ್ಲ. ಪೋಪ್ 13ನೇ ಲಿಯೋ ಅದನ್ನು ಮಾಡಿದ್ದು 1886ರ ಸೆಪ್ಟೆಂಬರಲ್ಲಿ, ಮೊದಲ ಬಿಷಪ್ ಜೆಸ್ವಿಟ್ ಎಂಬ ಪಾದ್ರಿಗಳ ಸಂಘದ ಪಗಾನಿ. ಅದಕ್ಕೆ ಮೊದಲು ಇಲ್ಲಿದ್ದದ್ದು ವಿಕಾರಿಯೇಟ್, ಅಂದ್ರೆ ನಡೆಸುವವರು ಪೋಪರ ಪರವಾಗಿ ನಡೆಸುತ್ತಾರೆ, ಅವರಿಗೆ ಬಿಷಪ್ ಪದವಿ ಉಂಟು ಆದ್ರೆ ಅದು ಯಾವುದೋ ದೂರದ ದೇಶದ ಹಾಳುಬಿದ್ದ ಹಳೇ ಪಟ್ಟಣದ ಹೆಸರಲ್ಲಿ. ಒಂದು ಪುಸ್ತಕದಲ್ಲಿ ಅಂಥ ಸಹಿ ಇತ್ತು, ಊರಿನ ಹೆಸರು ಬೇರೆ ಕಂಡದ್ದಕ್ಕೆ ನಾನು "ಭೇಟಿಗೆ ಬಂದ ಹೊರಗಿನ ಬಿಷಪ್" ಅಂತ ಬರೆದಿದ್ದೆ. ಇಲ್ಲಿಯ ಯಜಮಾನರೇ ಅವರು!

ಇನ್ನೂ ಹಿಂದೆ ಹೋದ್ರೆ ಗೋವಾ. 1799ರಲ್ಲಿ ಟಿಪ್ಪು ಹೋದ ಮೇಲೆ ಕೆನರಾದ (ಮಂಗಳೂರು ಸೇರಿದ ಈ ಕರಾವಳಿ ಸೀಮೆಯ) ಕಂದಾಯ ಈಸ್ಟ್ ಇಂಡಿಯಾ ಕಂಪನಿ ಸರಕಾರಕ್ಕೆ, ಆದ್ರೆ ಇಲ್ಲಿಯ ಇಗರ್ಜಿಗಳ, ಅಂದ್ರೆ ಚರ್ಚುಗಳ, ಉಸ್ತುವಾರಿ ಗೋವಾದ ಆರ್ಚ್‌ಬಿಷಪ್‌ರದ್ದು, ಅವರನ್ನು ಸೂಚಿಸುವ ಹಕ್ಕು ಪೋರ್ಚುಗಲ್ ರಾಜನದ್ದು. ಪೋರ್ಚುಗಲ್ ರಾಜನ ಈ ಹಕ್ಕಿಗೇ ಪದ್ರುವಾದು ಅಂತ ಹೆಸರು. 1838ರಲ್ಲಿ ಪೋಪ್ 16ನೇ ಗ್ರೆಗರಿ ಕೆನರಾವನ್ನು ಗೋವಾದಿಂದ ಬಿಡಿಸಿ ಕೇರಳದ ವರಾಪುಳದ ಕಾರ್ಮೆಲೈಟ್ ಎಂಬ ಇನ್ನೊಂದು ಪಾದ್ರಿ ಸಂಘದವರಿಗೆ ಸೇರಿಸಿದ್ರು, ಗೋವಾದವರು ಒಪ್ಪಲಿಲ್ಲ, ಕೆಲವು ಇಗರ್ಜಿ ಆಚೆ ಕೆಲವು ಈಚೆ, ಒಂದೇ ಕುಟುಂಬದ ಹೆಸರು ಎರಡು ಕಡೆಯ ಪುಸ್ತಕಗಳಲ್ಲಿ ಸಿಗುವಾಗ ನನಗೆ ನಿಜಕ್ಕೂ ಬೇಜಾರಾಗ್ತದೆ. ಆಮೇಲೆ ಮಂಗಳೂರಿಗೆ ಬೇರೆ ವಿಕಾರಿಯೇಟ್ ಆಯ್ತು, 1878ರಲ್ಲಿ ಕಾರ್ಮೆಲೈಟರ ಜಾಗಕ್ಕೆ ಜೆಸ್ವಿಟರು ಬಂದ್ರು.

ಹಾಗಾಗಿ ಈಗ "ಆಡಳಿತ" ಕಾಲಮ್ಮನ್ನು ಎರಡು ಮಾಡಿದ್ದೇನೆ, ಊರನ್ನು ಆಳಿದವರು ಒಂದು, ಪಾದ್ರಿಯನ್ನು ಕಳಿಸಿದವರು ಇನ್ನೊಂದು. ಹೊಸ ಹುಡುಗರು ಬಂದ್ರೆ ಮೊದಲು ಎಂಟ್ರಿ ಮಾಡ್ಲಿಕ್ಕೆ ಬಿಡುವುದಿಲ್ಲ, ಬಿಷಪ್ ಬಂದು ಪುಸ್ತಕ ನೋಡಿ ಸಹಿ ಹಾಕಿದ ಪುಟ ಹುಡುಕಿಸ್ತೇನೆ, ಆಗ ಇಗರ್ಜಿ ಯಾರ ಕೈಯಲ್ಲಿತ್ತು ಅಂತ ಅದರಿಂದ ಗೊತ್ತಾಗ್ತದೆ. ಒಂದು ಪುಸ್ತಕದಲ್ಲಿ ಅಂಥ ಸಹಿಯ ಮರುಪುಟದಿಂದಲೇ ಬರವಣಿಗೆ ಪೋರ್ಚುಗೀಸಿನಿಂದ ಲ್ಯಾಟಿನ್‌ಗೆ ತಿರುಗಿದೆ, ಮಗುವಿನ ಅಪ್ಪನ ಹೆಸರು ಜುವಾಂವ್ ಇದ್ದದ್ದು ಜೊಹಾನ್ನೆಸ್ ಆಗಿದೆ, ಮನುಷ್ಯ ಅದೇ, ಮನೆ ಅದೇ.