ಸ್ಮ್ಯಾಶ್ ಕೇಳುವ ಮಕ್ಕಳಿಗೆ ಪ್ರಕಾಶ್ ಪಡುಕೋಣೆ

ದಾವಣಗೆರೆಯಲ್ಲಿ ಬೇಸಿಗೆ ಬಂತೆಂದರೆ ಬ್ಯಾಡ್ಮಿಂಟನ್ ಶಟಲ್ ಮಾತು ಕೇಳುವುದಿಲ್ಲ. ಬಿಸಿ ಗಾಳಿ ತೆಳುವಾಗುತ್ತದೆ, ಶಟಲ್ ಗೆರೆ ದಾಟಿ ಓಡುತ್ತದೆ. ಒಣ ಹವೆಗೆ ಗರಿಗಳೂ ಬೇಗ ಮುರಿಯುತ್ತವೆ. ಅದಕ್ಕೇ ಹಿಂದಿನ ರಾತ್ರಿಯೇ ಡಬ್ಬಿಗೆ ಸ್ವಲ್ಪ ಹಬೆ ಕೊಟ್ಟಿಡುತ್ತೇನೆ. ವಿದ್ಯಾನಗರದ ಬಾಡಿಗೆ ಕೋರ್ಟಿನಲ್ಲಿ ಬೆಳಗ್ಗೆ ಮಕ್ಕಳಿಗೆ ಆಟ ಕಲಿಸುತ್ತೇನೆ. ಅವರಿಗೆ ಬೇಕಾದದ್ದು ಒಂದೇ, ಮೇಲಿಂದ ಜೋರಾಗಿ ಬಾರಿಸುವ ಸ್ಮ್ಯಾಶ್. ನೆಟ್ ದಾಟಿದ ಕೂಡಲೇ ಬೀಳುವ ಹಾಗೆ ಮೆಲ್ಲಗೆ ಡ್ರಾಪ್ ಹಾಕು ಅಂದರೆ ಮುಖ ಸಪ್ಪೆ.

ಆಗ ಪ್ರಕಾಶ್ ಪಡುಕೋಣೆ ಅವರ ಆಟದ ಬಗ್ಗೆ ಹೇಳುತ್ತೇನೆ. ಮಕ್ಕಳಿಗೆ ಅವರು ದೀಪಿಕಾ ಅಪ್ಪ ಅಷ್ಟೇ. ಬೆಂಗಳೂರಿನ ಮಲ್ಲೇಶ್ವರದಲ್ಲಿ, ಮದುವೆ ನಡೆಯುತ್ತಿದ್ದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದವರು. ಮದುವೆ ಇದ್ದ ದಿನ ಆಟ ಇಲ್ಲ. ಇದನ್ನು ಕೇಳಿದರೆ ನಮ್ಮೂರ ಮಕ್ಕಳ ಕಣ್ಣು ಅರಳುತ್ತದೆ. ಕಲ್ಯಾಣ ಮಂಟಪ ನಮಗೇನು ಕಡಿಮೆಯೇ? 1971ರಿಂದ 1979ರವರೆಗೆ ಸತತ ಒಂಬತ್ತು ಸಲ ಅವರೇ ರಾಷ್ಟ್ರೀಯ ಚಾಂಪಿಯನ್.

ನನಗೆ ಎಲ್ಲಕ್ಕಿಂತ ಮುಖ್ಯ 1980ರ ಆಲ್ ಇಂಗ್ಲೆಂಡ್ ಫೈನಲ್. ಬ್ಯಾಡ್ಮಿಂಟನ್‌ನ ಹಳೆಯ, ದೊಡ್ಡ ಟೂರ್ನಿ ಅದು. ಎದುರಿಗಿದ್ದವನು ಇಂಡೋನೇಷ್ಯಾದ ಲಿಯಮ್ ಸ್ವೀ ಕಿಂಗ್, ಹಿಂದಿನ ಎರಡೂ ವರ್ಷ ಗೆದ್ದವನು. ಎಗರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದವನು. ಪ್ರಕಾಶ್ ಜೋರಿಗೆ ಜೋರು ತೋರಿಸಲಿಲ್ಲ. ಆಟದ ವೇಗವನ್ನೇ ತಮ್ಮ ಕೈಗೆ ತಗೊಂಡರು. ಹಿಂದಿನ ಗೆರೆಗೆ ಎತ್ತಿ ಹೊಡೆಯುವ ಟಾಸ್, ಡ್ರಾಪ್, ಅರ್ಧ ಸ್ಮ್ಯಾಶ್, ನೆಟ್ ಹತ್ತಿರ ಮಣಿಕಟ್ಟಿನ ಕೈಚಳಕ. 15-3, 15-10. ಈ ಅಂಕಗಳನ್ನು ಬೋರ್ಡ್ ಮೇಲೆ ಬರೆದಿಟ್ಟಿದ್ದೇನೆ.

ಆಮೇಲೆ ಡೆನ್ಮಾರ್ಕ್‌ಗೆ ಹೋಗಿ ಅಲ್ಲಿನವರ ಜೊತೆ ಅಭ್ಯಾಸ ಮಾಡಿದರು. 1983ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಕಂಚು. ಆಟ ಬಿಟ್ಟ ಮೇಲೆ 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ನನ್ನ ಮಟ್ಟಿಗೆ ಇದು 1980ಕ್ಕಿಂತ ದೊಡ್ಡ ಗೆಲುವು. ತಾನು ಗೆದ್ದದ್ದನ್ನು ಇನ್ನೊಬ್ಬನ ಕೈಗೆ ದಾಟಿಸುವುದು ಎಲ್ಲ ಚಾಂಪಿಯನ್‌ಗಳಿಗೂ ಆಗುವ ಕೆಲಸವಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯದ ಮೊದಲ ಗೇಮ್ 21-13ರಿಂದ ಗೆದ್ದು, ಕೊನೆಗೆ ಪಂದ್ಯ ಸೋತರು. ಕೋಚ್ ಆಗಿದ್ದ ಪ್ರಕಾಶ್, ಆಟಗಾರರೂ ಜವಾಬ್ದಾರಿ ಹೊರಬೇಕು ಎಂದರು. ಅನೇಕರಿಗೆ ಸಿಟ್ಟು ಬಂತು. ನನಗೆ ಅದು ಸರಿ ಅನ್ನಿಸಿತು. ಕೋಚ್ ಕೋರ್ಟಿನ ಪಕ್ಕ ಕೂರಬಹುದು, ಶಟಲ್ ಹೊಡೆಯುವವನು ಅವನಲ್ಲ, ಅಲ್ವಾ? ಆದರೂ ಆ ಹುಡುಗನ ಮುಖ ನೋಡಿ ನನಗೂ ಸಂಕಟವಾಯಿತು.

ಈ ಭಾನುವಾರ ನಮ್ಮ ಕೋರ್ಟಿನಲ್ಲಿ ಸ್ಮ್ಯಾಶ್ ಬಂದ್. ಬರೀ ಡ್ರಾಪ್, ಬರೀ ನೆಟ್. ಅಪ್ಪ ಅಮ್ಮಂದಿರೂ ಬಂದು ನೋಡಬಹುದು.